ಹಳೇ ಗಾಡಿ: ರಿಪೇರಿ ಮಾಡಿಸುವುದೋ, ಬದಲಿಸುವುದೋ?



ಸಂಘದ ಸಾಲದ ಅರ್ಜಿಗಳಲ್ಲಿ ಹಿಂದೆಲ್ಲಾ ದನ, ಹೊಲಿಗೆ ಮೆಷಿನ್, ಮಕ್ಕಳ ಫೀಸು, ಮನೆಯ ಮಾಡಿನ ರಿಪೇರಿ ಎಂದು ಬರೆದಿರುತ್ತಿತ್ತು. ಈಗ ಅದಕ್ಕೆ ಇನ್ನೊಂದು ಸೇರಿದೆ: "ಗಾಡಿ ರಿಪೇರಿಗೆ". ಕೆಲವು ಮನೆಗಳಲ್ಲಿ ಆರು ತಿಂಗಳು ಕಳೆಯುವುದರೊಳಗೆ ಅದರ ಬೆನ್ನಿಗೇ ಎರಡನೇ ಅರ್ಜಿ ಬರುತ್ತದೆ: "ಬೇರೆ ಗಾಡಿ ಕೊಳ್ಳಲಿಕ್ಕೆ". ಮೊದಲ ಸಾಲದ ಕಂತು ಇನ್ನೂ ಮುಗಿದಿರುವುದಿಲ್ಲ, ರಿಪೇರಿ ಮಾಡಿಸಿದ ಗಾಡಿ ಮಾರಿಹೋಗಿರುತ್ತದೆ. ಎರಡು ಸಾಲಕ್ಕೂ ಸಹಿ ಹಾಕಿದವಳು ನಮ್ಮ ಸದಸ್ಯೆ. ಗಾಡಿಯ ಆರ್.ಸಿ. ಮಾತ್ರ ಮನೆಯವರ ಹೆಸರಿನಲ್ಲಿ.

ಈ ಎರಡನೇ ಅರ್ಜಿ ತಪ್ಪಬೇಕಾದರೆ ಮೊದಲನೆಯದನ್ನು ಬರೆಯುವ ಮುಂಚೆಯೇ ಲೆಕ್ಕ ಹಾಕಬೇಕು. "ಗಾಡಿ ವಿಷಯ ನನಗೆ ಗೊತ್ತಾಗುವುದಿಲ್ಲ, ಅವರೇ ನೋಡ್ಕೊಳ್ತಾರೆ" ಎಂದು ಹೇಳುವ ಅಕ್ಕಂದಿರು ಬಹಳ ಮಂದಿ. ಆದರೆ ಈ ಲೆಕ್ಕಕ್ಕೆ ಬೇಕಾದ ಮುಖ್ಯ ಸಂಗತಿ ಗ್ಯಾರೇಜಿನವರಿಗಿಂತ ನಿಮಗೇ ಚೆನ್ನಾಗಿ ಗೊತ್ತುಂಟು. ಅದು ಯಾವುದೆಂದು ಮುಂದೆ ನೋಡೋಣ.

ಉದಾಹರಣೆಗೆ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಹಪ್ಪಳ ಉಪ್ಪಿನಕಾಯಿಯಿಂದ ಹಿಡಿದು ಮದುವೆ ಮನೆಯ ಅಡುಗೆ ಪಾತ್ರೆಯ ತನಕ ಎಲ್ಲವನ್ನೂ ಹೊತ್ತ ಗಾಡಿ ಅದು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರಲ್ಲಿ ತಯಾರಿ ನಿಂತಿತು. ಹೊಸ ಓಮ್ನಿ ಇನ್ನು ಸಿಗುವುದಿಲ್ಲ. ಮನೆಯಂಗಳದಲ್ಲಿ ಇರುವುದೆಲ್ಲ ಹಳೆಯದೇ. ನಿಮ್ಮಲ್ಲಿ ಆಲ್ಟೋ ಇರಲಿ, ಮಾರುತಿ 800 ಇರಲಿ, ಲೆಕ್ಕ ಹಾಕುವ ಕ್ರಮ ಒಂದೇ.

ಮೊದಲು ಒಂದು ಹೆದರಿಕೆ ಬಿಡೋಣ

"15 ವರ್ಷ ಆದ ಗಾಡಿಯನ್ನು ಸರ್ಕಾರ ಗುಜರಿಗೆ ಹಾಕುತ್ತದಂತೆ, ಬೇಗ ಮಾರಿಬಿಡಿ" ಎಂಬ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಾ ಇರುತ್ತದೆ. ಈ ಹೆದರಿಕೆಯಲ್ಲಿ ಒಳ್ಳೇ ಗಾಡಿಯನ್ನು ಸಿಕ್ಕಿದ ರೇಟಿಗೆ ಕೊಟ್ಟವರಿದ್ದಾರೆ. ಆ ಮಾತಿನ ಮೂಲ ದೆಹಲಿಯಲ್ಲಿದೆ. ಅಲ್ಲಿಯ ಹವೆ ಕೆಟ್ಟ ಕಾರಣ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಬಾರದೆಂದು ಹಸಿರು ನ್ಯಾಯಮಂಡಳಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಸಂಗತಿ. ಇನ್ನೊಂದು, 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವುದಿಲ್ಲ ಎಂಬ ನಿಯಮ ಬಂತು. ಅದು ಸರ್ಕಾರಿ ಜೀಪು ಬಸ್ಸುಗಳಿಗೆ.

ನಮ್ಮ ರಾಜ್ಯದಲ್ಲಿ ಮನೆಬಳಕೆಯ ಬಿಳಿ ಬೋರ್ಡಿನ ಕಾರಿಗೆ 15 ವರ್ಷ ಆದಾಗ ಆರ್.ಟಿ.ಓ. ಕಚೇರಿಗೆ ಒಯ್ದು ತೋರಿಸಬೇಕು. ಗಾಡಿ ಸರಿಯಿದ್ದರೆ ಮುಂದಿನ 5 ವರ್ಷಕ್ಕೆ ನೋಂದಣಿ ನವೀಕರಿಸಿ ಕೊಡುತ್ತಾರೆ. ಅವಧಿ ಮುಗಿಯುವ 60 ದಿನ ಮುಂಚೆಯೇ ಅರ್ಜಿ ಹಾಕಬಹುದು. ಖರ್ಚು ಮಾತ್ರ ಹೆಚ್ಚಾಗಿದೆ. ಹಿಂದೆ 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಬಂದ ಆದೇಶದಂತೆ 20 ವರ್ಷ ದಾಟಿದ ಕಾರಿಗೆ 10,000. ಇದರ ಮೇಲೆ ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳು ತಿಂಗಳು ದಂಡ ಸೇರುತ್ತಾ ಹೋಗುತ್ತದೆ. ಹೋಗುವ ಮುಂಚೆ ಕಚೇರಿಯಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ಆ ದಿನದ ದರ ನೋಡಿಕೊಳ್ಳಿ. ಏಜೆಂಟರು ಹೇಳುವ ಮೊತ್ತದಲ್ಲಿ ಸರ್ಕಾರಕ್ಕೆ ಎಷ್ಟು, ಅವರಿಗೆ ಎಷ್ಟು ಎಂದು ಆಗ ತಿಳಿಯುತ್ತದೆ.

ಆಟೋ, ಟೆಂಪೋ, ಟ್ಯಾಕ್ಸಿ ಇರುವ ಮನೆಯವರಿಗೆ ಕ್ರಮ ಬೇರೆ. ಹಳದಿ ಬೋರ್ಡಿನ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಎಫ್.ಸಿ.ಗೆ ಮುಂಚಿನ ಪೈಂಟಿಂಗ್, ಟಿಂಕರಿಂಗ್ ಖರ್ಚನ್ನು ವರ್ಷದ ಖರ್ಚೆಂದೇ ಬರೆದುಕೊಳ್ಳಿ.

ಎಲ್ಲರೂ ಕೇಳುವ ತಪ್ಪು ಪ್ರಶ್ನೆ

ಇಂಜಿನ್ ಕೆಲಸಕ್ಕೆ 35,000 ಆಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ ಕೂಡಲೇ ಮನೆಯಲ್ಲಿ ಮಾತು ಶುರುವಾಗುತ್ತದೆ: "70,000 ಬಾಳುವ ಗಾಡಿಗೆ 35,000 ಸುರಿಯುವುದಾ?" ಕೇಳಲಿಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ 70,000 ಸಿಗುವುದು ಓಡುವ ಗಾಡಿಗೆ. ಇಂಜಿನ್ ಕೆಟ್ಟು ನಿಂತದ್ದನ್ನು ಕೊಳ್ಳುವವನು ರಿಪೇರಿ ಖರ್ಚನ್ನು ಕಳೆದು, ಅದರ ಮೇಲೆ ತನ್ನ ಲಾಭವನ್ನೂ ಕಳೆದು 30,000ಕ್ಕೆ ಕೇಳುತ್ತಾನೆ. ಮಾರಿದ ಮೇಲೆ ಬೇರೆ ಗಾಡಿ ಬೇಕೇ ಬೇಕು. ಅದಕ್ಕೆ 4 ಲಕ್ಷ ಬೇಕು. ರಿಪೇರಿಯ 35,000 ದೊಡ್ಡದಾಗಿ ಕಾಣುವುದು ಈ 4 ಲಕ್ಷ ಕಣ್ಣೆದುರು ಇಲ್ಲದಾಗ.

ಹಾಗಾಗಿ ಗಾಡಿಯ ಬೆಲೆಯನ್ನು ಬಿಲ್ಲಿಗೆ ಹೋಲಿಸುವುದನ್ನು ಬಿಡಿ. ಹೀಗೆ ಕೇಳಿ: ಮುಂದಿನ ಎರಡು ವರ್ಷ ಬಾಗಿಲಲ್ಲಿ ಒಂದು ಓಡುವ ಗಾಡಿ ಇರಬೇಕಾದರೆ ತಿಂಗಳಿಗೆ ಎಷ್ಟು ಬೀಳುತ್ತದೆ? ಹಳೆಯದರಲ್ಲಿ ಎಷ್ಟು, ಬದಲಿಸಿದರೆ ಎಷ್ಟು?

ಒಂದು ಮನೆಯ ಲೆಕ್ಕ

ಒಬ್ಬ ಸದಸ್ಯೆ ಹಪ್ಪಳ, ಚಕ್ಕುಲಿ, ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೂ ವಾರದ ಸಂತೆಗೂ ಕೊಡುತ್ತಾಳೆ ಎಂದಿಟ್ಟುಕೊಳ್ಳಿ. 2011ರಲ್ಲಿ ನೋಂದಣಿ ಆದ ಓಮ್ನಿ, 2026ಕ್ಕೆ 15 ವರ್ಷ. ಇಲ್ಲಿ ಕೊಟ್ಟ ಮೊತ್ತಗಳು ತಿಳಿಯುವುದಕ್ಕೆ ಮಾತ್ರ, ನಿಮ್ಮ ಊರಿನ ರೇಟನ್ನು ನೀವು ಹಾಕಿಕೊಳ್ಳಿ.

ಹಳೆಯದನ್ನೇ ಇಟ್ಟುಕೊಂಡರೆ ಎರಡು ವರ್ಷದಲ್ಲಿ: ಇಂಜಿನ್ ಕೆಲಸ 35,000. ನಾಲ್ಕು ಟಯರು 10,000. ನೋಂದಣಿ ನವೀಕರಣ 5,000. ಇನ್ಶೂರೆನ್ಸ್ ಎರಡು ವರ್ಷಕ್ಕೆ 5,000. ಇದಲ್ಲದೆ ಹಳೇ ಗಾಡಿ ಎಂದ ಮೇಲೆ ಬ್ರೇಕು, ಕ್ಲಚ್ಚು, ಬ್ಯಾಟರಿ ಎಂದು ಏನಾದರೂ ಬರುತ್ತಲೇ ಇರುತ್ತದೆ. ಅದಕ್ಕೆ ತಿಂಗಳಿಗೆ 1,500 ಹಿಡಿದರೆ 24 ತಿಂಗಳಿಗೆ 36,000. ಒಟ್ಟು 91,000. ತಿಂಗಳಿಗೆ ಸುಮಾರು 3,800 ರೂಪಾಯಿ.

ಬದಲಿಸಿದರೆ: ಮೂರು ನಾಲ್ಕು ವರ್ಷ ಓಡಿದ ಬೇರೆ ವ್ಯಾನಿಗೆ 4 ಲಕ್ಷ. ಹಳೆಯದನ್ನು ಇದ್ದ ಹಾಗೇ ಕೊಟ್ಟು 30,000, ಉಳಿತಾಯದ 70,000, ಉಳಿದ 3 ಲಕ್ಷ ಸಾಲ. ಇಳಿಯುವ ಬಾಕಿಯ ಮೇಲೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, ಐದು ವರ್ಷ ಅವಧಿ ಎಂದರೆ ಕಂತು 6,673 ರೂಪಾಯಿ. ಪೂರ್ತಿ ಇನ್ಶೂರೆನ್ಸಿಗೆ ತಿಂಗಳಿಗೆ 1,000, ಸರ್ವೀಸಿಗೆ 700. ಒಟ್ಟು ತಿಂಗಳಿಗೆ ಸುಮಾರು 8,400.

ಪೆಟ್ರೋಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಬಿಟ್ಟಿದ್ದೇನೆ. ಸಾಲ ತೀರಿದ ಮೇಲೆ ಬದಲಿ ಗಾಡಿಗೆ ಒಂದಿಷ್ಟು ಬೆಲೆ ಉಳಿದಿರುತ್ತದೆ ಎಂಬುದೂ ನಿಜ. ಅದನ್ನು ಒಂದೂವರೆ ಲಕ್ಷ ಎಂದು ಹಿಡಿದು ಕಳೆದರೂ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸಿಗೆ ಬರುತ್ತದೆ. ಆದರೆ ಆ ಹಣ ಕೈಗೆ ಬರುವುದು ಐದು ವರ್ಷದ ಮೇಲೆ, ಕಂತು ಕಟ್ಟಬೇಕಾದದ್ದು ಪ್ರತಿ ತಿಂಗಳು.

ಇಷ್ಟಕ್ಕೇ ನಿಲ್ಲಿಸಿದರೆ ಹಳೇ ಗಾಡಿಯೇ ಗೆದ್ದಿತು. ತಿಂಗಳಿಗೆ 4,600 ರೂಪಾಯಿ ಉಳಿತಾಯ. ಆದರೆ ಈ ಲೆಕ್ಕದಲ್ಲಿ ಇನ್ನೂ ಒಂದು ಸಾಲು ಬರೆಯಲಿಕ್ಕೆ ಉಂಟು. ಗ್ಯಾರೇಜಿನ ಬಿಲ್ಲಿನಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ.

ನಿಂತ ದಿನ

ಗಾಡಿ ಕೆಟ್ಟು ನಿಂತ ದಿನ ಏನಾಗುತ್ತದೆ? ಸಂತೆಗೆ ಹೋಗಲು ಆಟೋ ಬಾಡಿಗೆ 500. ಆಟೋ ಸಿಗುವಷ್ಟರಲ್ಲಿ ಬೆಳಗಿನ ವ್ಯಾಪಾರ ಹೋಗಿ 300 ನಷ್ಟ. ಒಟ್ಟು 800. ಅಂಗಡಿಯವರಿಗೆ ಹೇಳಿದ ದಿನ ಮಾಲು ಮುಟ್ಟದಿದ್ದರೆ ಮುಂದಿನ ವಾರ ಅವರು ಬೇರೆಯವರಿಂದ ತರಿಸುತ್ತಾರೆ. ಅದಕ್ಕೆ ಬೆಲೆ ಕಟ್ಟುವುದು ಕಷ್ಟ, ಸದ್ಯಕ್ಕೆ ಬಿಡೋಣ.

ತಿಂಗಳಿಗೆ ಒಂದು ದಿನ ನಿಂತರೆ 800. ಹಳೇ ಗಾಡಿಯ ಖರ್ಚು 4,600 ಆಯಿತು, ಪರವಾಗಿಲ್ಲ. ಮೂರು ದಿನ ನಿಂತರೆ 2,400. ಆಗ 6,200. ಆದರೂ ಹಳೆಯದೇ ಅಗ್ಗ. ಆರು ದಿನ ನಿಂತರೆ 4,800 ಸೇರಿ 8,600. ಇಲ್ಲಿಗೆ ಹಳೇ ಗಾಡಿ ಬದಲಿ ಗಾಡಿಯ ಕಂತನ್ನೂ ದಾಟಿತು. ಗ್ಯಾರೇಜಿಗೆ ಹೆಚ್ಚಿಗೆ ಒಂದು ರೂಪಾಯಿ ಕೊಡದೆಯೇ!

ಈ ಮನೆಗೆ ಆರು ದಿನ ಎಂಬುದು ಗಡಿ. ನಿಮ್ಮ ಮನೆಗೆ ಬೇರೆ ಇರಬಹುದು. ಗಾಡಿಯನ್ನು ವಾರಕ್ಕೊಮ್ಮೆ ಪೇಟೆಗೆ, ಹಬ್ಬಕ್ಕೆ ತವರಿಗೆ ಮಾತ್ರ ತೆಗೆಯುವ ಮನೆಯಲ್ಲಿ ನಿಂತ ದಿನದ ನಷ್ಟ ಬಸ್ಸಿನ ಟಿಕೆಟಿನಷ್ಟೇ. ಅಂಥ ಮನೆಯವರು ಹಳೆಯದನ್ನು ಓಡುವಷ್ಟು ದಿನ ಓಡಿಸಲಿ. ಸಾಲ ಮಾಡಿ ಹೊಸತು ತಂದು ಅಂಗಳದಲ್ಲಿ ನಿಲ್ಲಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಪಕ್ಕದ ಮನೆಯವರು ತಂದರೂ ಸರಿ. ಅದೇ ಗಾಡಿ ದಿನಾ ದುಡಿಯುವ ಮನೆಯಲ್ಲಿ, ತಿಂಗಳಿಗೆ ನಾಲ್ಕು ದಿನ ನಿಂತರೂ ಯೋಚಿಸಬೇಕು.

ಇದು ನಿಮಗೇ ಚೆನ್ನಾಗಿ ಗೊತ್ತುಂಟು ಎಂದು ಮೊದಲೇ ಹೇಳಿದ್ದು ಇದಕ್ಕೇ. ಯಾವ ದಿನ ಗಾಡಿ ಸ್ಟಾರ್ಟ್ ಆಗಲಿಲ್ಲ, ಯಾವ ದಿನ ಮಗುವನ್ನು ಶಾಲೆಗೆ ನಡೆಸಿಕೊಂಡು ಹೋಗಬೇಕಾಯಿತು, ಯಾವ ದಿನ ಹಿಟ್ಟು ಹುಳಿ ಬಂತು ಎಂಬುದು ನಿಮ್ಮ ನೆನಪಿನಲ್ಲಿರುತ್ತದೆ. ನೆನಪಿನಲ್ಲಿಟ್ಟರೆ ಸಾಲದು. ಸಂಘದ ಪಾಸ್ ಪುಸ್ತಕ ಇಡುವ ಹಾಗೆ ಗಾಡಿಗೂ ಒಂದು ನೋಟ್ ಪುಸ್ತಕ ಮಾಡಿ. ದಿನಾಂಕ, ಕಿಲೋಮೀಟರು, ಏನು ಕೆಟ್ಟಿತು, ಎಷ್ಟು ಕೊಟ್ಟೆವು, ಎಷ್ಟು ದಿನ ನಿಂತಿತು. ಐದೇ ಅಂಕಣ. ಒಂದು ವರ್ಷದ ಪುಸ್ತಕ ಕೈಯಲ್ಲಿದ್ದರೆ ಮನೆಯಲ್ಲಿ ಜಗಳ ಇಲ್ಲದೆ ತೀರ್ಮಾನ ಆಗುತ್ತದೆ. ಅಷ್ಟು ಸಮಯ ಇಲ್ಲದವರು ಕಳೆದ ಆರು ತಿಂಗಳದ್ದನ್ನು ನೆನಪು ಮಾಡಿ, ಹಳೇ ಬಿಲ್ಲು ಹುಡುಕಿ ಬರೆಯಿರಿ.

ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಒಂದೊಂದು ಸಲ ಒಂದೊಂದು ಭಾಗ ಹೋಗಿದ್ದರೆ ಅದು ವಯಸ್ಸಿನ ಸಹಜ ಸವೆತ. ಕ್ಲಚ್ ಒಮ್ಮೆ ಹಾಕಿಸಿದರೆ ಮತ್ತೆ ವರ್ಷಗಟ್ಟಲೆ ಚಿಂತೆ ಇಲ್ಲ. ಒಂದೇ ದೋಷ ಮೂರು ಸಲ ಮರಳಿ ಬಂದಿದ್ದರೆ ಮೂಲ ಕಾರಣ ಯಾರೂ ಹಿಡಿದಿಲ್ಲ ಎಂದರ್ಥ. ಆಗ ಗಾಡಿ ಬದಲಿಸುವ ಮುಂಚೆ ಮೆಕ್ಯಾನಿಕ್ಕನ್ನು ಬದಲಿಸಿ ನೋಡಬಹುದು.

ಕೆಳಗಿನಿಂದ ನೋಡಿ

ಲೆಕ್ಕ ಏನೇ ಹೇಳಲಿ, ಒಂದು ಸಂಗತಿ ಎಲ್ಲಕ್ಕಿಂತ ಮೇಲೆ. ಅದು ತುಕ್ಕು. ಕಡಲ ಕರೆಯ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ, ಒಳರಸ್ತೆಯ ಕೆಸರು. ಕರಾವಳಿ ಮಲೆನಾಡಿನಲ್ಲಿ ಗಾಡಿಯ ಇಂಜಿನ್ ಸಾಯುವುದಕ್ಕಿಂತ ಮುಂಚೆ ಮೈ ಸಾಯುತ್ತದೆ. ಬಯಲುಸೀಮೆಯ ಅದೇ ವರ್ಷದ ಓಮ್ನಿಯ ಅಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಲಾರಿಗೆ ಬೇರೆಯೇ ಒಂದು ಚಾಸಿಸ್ ಇರುತ್ತದೆ, ಮೇಲಿನ ಬಾಡಿ ಹೋದರೂ ಅದು ನಿಲ್ಲುತ್ತದೆ. ಓಮ್ನಿ, ಆಲ್ಟೋದಂಥ ಗಾಡಿಗಳಲ್ಲಿ ಹಾಗಿಲ್ಲ. ಅಡಿಯ ತಗಡು, ಕಂಬ, ಮಾಡು ಎಲ್ಲ ಸೇರಿಯೇ ಭಾರ ಹೊರುವುದು. ಅಡಿ ಹೋಯಿತೆಂದರೆ ಗಾಡಿಯ ಬೆನ್ನೆಲುಬೇ ಹೋದಂತೆ.

ಇಂಜಿನ್ ಕೆಲಸಕ್ಕೆ ಹಣ ಕೊಡುವ ಮುಂಚೆ ಗಾಡಿಯನ್ನು ಲಿಫ್ಟಿಗೆ ಏರಿಸಿ ನಿಮ್ಮ ಕಣ್ಣೆದುರೇ ಅಡಿ ನೋಡಿಸಿ. ಮೆಕ್ಯಾನಿಕ್ ಸ್ಕ್ರೂ ಡ್ರೈವರಿನಿಂದ ಒತ್ತಿ ನೋಡಲಿ. ಗಟ್ಟಿ ಶಬ್ದ ಬಂದರೆ ಸರಿ, ಹಪ್ಪಳ ಮುರಿದಂತೆ ಒಳಗೆ ಹೋದರೆ ತಗಡು ಮುಗಿದಿದೆ. ಒಳಗಡೆ ಮ್ಯಾಟ್ ಎತ್ತಿ ನೋಡಿ. ಬಾಗಿಲಿನ ಕೆಳ ಅಂಚು, ಜ್ಯಾಕ್ ಕೊಡುವ ಜಾಗ, ಹಿಂದಿನ ಪಟ್ಟಿ ಕೂರುವ ಜಾಗ, ಮುಂದಿನ ಸಸ್ಪೆನ್ಶನ್ ಬೋಲ್ಟ್ ಹಿಡಿದಿರುವ ಜಾಗ, ಸೀಟ್ ಬೆಲ್ಟ್ ಬಿಗಿದಿರುವ ಜಾಗ. ಕಾಲಿಡುವಲ್ಲಿ ಒಂದು ತೂತು ಬಿದ್ದಿದ್ದರೆ ತಗಡು ಹಾಕಿ ವೆಲ್ಡಿಂಗ್ ಮಾಡಿಸಬಹುದು, ಅದು ನೀರು ಸೋರುವ ತೂತು. ಆದರೆ ಸಸ್ಪೆನ್ಶನ್, ಸ್ಟೀರಿಂಗ್ ಹಿಡಿದಿರುವ ಕಡೆ ತುಕ್ಕು ತಿಂದಿದ್ದರೆ ತೇಪೆ ಹಾಕಿಸಿ ಓಡಿಸಬೇಡಿ. ಘಾಟಿಯ ತಿರುವಿನಲ್ಲಿ, ಹಿಂದೆ ಮಕ್ಕಳು ಕೂತಿರುವಾಗ ಆ ಬೋಲ್ಟು ಕಿತ್ತು ಬಂದರೆ ಉಳಿಸಿದ ದುಡ್ಡನ್ನು ಏನು ಮಾಡುವುದು? ಇಂಥ ಗಾಡಿಗೆ ಹೊಸ ಇಂಜಿನ್ ಹಾಕಿಸುವುದೆಂದರೆ ಗೆದ್ದಲು ತಿಂದ ಕಂಬದ ಮೇಲೆ ಹೊಸ ಹಂಚು ಹೊದಿಸಿದಂತೆ.

ತುಕ್ಕು ಇನ್ನೂ ಹಿಡಿಯದವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಗೆ ನೀರು ಹಾಯಿಸಿ ಕೆಸರು ತೊಳೆಯಿರಿ. ಬಾಗಿಲಿನ ಕೆಳಗೆ ಸಣ್ಣ ಸಣ್ಣ ತೂತುಗಳಿರುತ್ತವೆ, ನೀರು ಇಳಿದು ಹೋಗಲಿಕ್ಕೆಂದೇ ಇಟ್ಟದ್ದು. ಅದರಲ್ಲಿ ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ಈ ಕೆಲಸಕ್ಕೆ ಖರ್ಚೇ ಇಲ್ಲ.

ಇಂಜಿನ್ ಬಗ್ಗೆ ಕೇಳಬೇಕಾದದ್ದು

ಸೈಲೆನ್ಸರಿನ ಹೊಗೆ ಬಹಳ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಹಳೇ ಗಾಡಿಯಲ್ಲಿ ಕಾರ್ಬೊರೇಟರ್ ಅಥವಾ ಏರ್ ಫಿಲ್ಟರ್ ನೋಡಿದರೆ ಸಣ್ಣ ಖರ್ಚಿನಲ್ಲಿ ಸರಿಯಾಗಬಹುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಜೊತೆಗೆ ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ. ನೀಲಿ ಹೊಗೆ ಕಂಡ ತಕ್ಷಣ "ಇಂಜಿನ್ ಬಿಚ್ಚಬೇಕು" ಎನ್ನುವವರಿದ್ದಾರೆ. ಬಿಚ್ಚುವ ಮುಂಚೆ ಕಂಪ್ರೆಶನ್ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಿ. ಪ್ರತಿ ಸಿಲಿಂಡರಿಗೆ ಮೀಟರು ಹಚ್ಚಿ ನೋಡುವ ಸಣ್ಣ ಪರೀಕ್ಷೆ ಅದು. ದೋಷ ರಿಂಗ್-ಪಿಸ್ಟನ್‌ನಲ್ಲೋ, ಬರೀ ವಾಲ್ವ್ ಸೀಲ್‌ನಲ್ಲೋ ಎಂದು ಅಂದಾಜು ಸಿಗುತ್ತದೆ. ಎರಡರ ಖರ್ಚಿಗೂ ಅಜಗಜಾಂತರ.

ಎಸ್ಟಿಮೇಟನ್ನು ಬರೆಸಿಕೊಳ್ಳಿ. ಸಾಮಾನು ಎಷ್ಟು, ಮಜೂರಿ ಎಷ್ಟು, ಕಂಪನಿ ಸಾಮಾನೋ ಬೇರೆಯದೋ. ತೆಗೆದ ಹಳೇ ಭಾಗಗಳನ್ನು ಚೀಲದಲ್ಲಿ ವಾಪಸ್ ಕೊಡಲು ಮೊದಲೇ ಹೇಳಿ. ದೊಡ್ಡ ಕೆಲಸಕ್ಕೆ ಇನ್ನೊಂದು ಗ್ಯಾರೇಜಿನಲ್ಲಿಯೂ ಕೇಳಿ. ಹೆಂಗಸರು ಕೇಳಿದರೆ ಸರಿಯಾಗಿ ಉತ್ತರಿಸದ ಗ್ಯಾರೇಜು ಇದ್ದರೆ, ಕೊಡುವ ದುಡ್ಡು ನಿಮ್ಮದು ಎಂಬುದನ್ನು ಮರೆಯಬೇಡಿ.

ಸಾಮಾನು ಸಿಗುವುದೂ ಲೆಕ್ಕಕ್ಕೆ ಬರುತ್ತದೆ. ಓಮ್ನಿ, 800ರ ಭಾಗಗಳು ತಾಲೂಕು ಪೇಟೆಯಲ್ಲೂ ಸಿಗುತ್ತವೆ. ಷೆವರ್ಲೆ ಕಾರುಗಳ ಮಾರಾಟ ನಮ್ಮ ದೇಶದಲ್ಲಿ 2017ರ ಕೊನೆಗೆ ನಿಂತಿತು, ಫೋರ್ಡ್ ಕಂಪನಿ 2021ರಲ್ಲಿ ಇಲ್ಲಿಯ ತಯಾರಿ ನಿಲ್ಲಿಸುವುದಾಗಿ ಹೇಳಿತು. ಅಂಥ ಗಾಡಿಗಳಿಗೆ ಒಂದು ಭಾಗ ಬೆಂಗಳೂರಿನಿಂದ ಬರುವ ತನಕ ವಾರ ಕಾಯಬೇಕಾದರೆ ಅದೆಲ್ಲ ನಿಂತ ದಿನವೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಅವು ಅಗ್ಗಕ್ಕೆ ಸಿಗುವುದಕ್ಕೆ ಇದೂ ಒಂದು ಕಾರಣ.

ಪೆಟ್ರೋಲಿನ ವಿಷಯ ಒಂದು ಮಾತು. 2023ರಿಂದ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು ಬರಲು ಶುರುವಾಗಿ, ಈಗ ಎಲ್ಲೆಡೆ ಅದೇ ಆಗಿದೆ. ಹಳೇ ಗಾಡಿಗಳು ಅದಕ್ಕಾಗಿ ಮಾಡಿದವುಗಳಲ್ಲ. ಮೈಲೇಜು ಸ್ವಲ್ಪ ಇಳಿಯಬಹುದು. ಪೆಟ್ರೋಲ್ ಪೈಪು, ರಬ್ಬರ್ ವಾಷರುಗಳನ್ನು ಸರ್ವೀಸಿನ ಸಮಯದಲ್ಲಿ ನೋಡಿಸಿ. ಪೆಟ್ರೋಲಿನ ವಾಸನೆ ಬಂದರೆ ಅದೇ ದಿನ ಗ್ಯಾರೇಜಿಗೆ ಒಯ್ಯಿರಿ. ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲೇ.

ಬದಲಿಸುವುದೇ ಎಂದಾದರೆ

ಹೊಸತಕ್ಕಿಂತ ಮೂರು ನಾಲ್ಕು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿ ನಮ್ಮಂಥವರಿಗೆ ಸರಿ ಎಂದು ನನ್ನ ಅನಿಸಿಕೆ. ಕರ್ನಾಟಕದಲ್ಲಿ ಹೊಸ ಕಾರಿಗೆ ಅದರ ಬೆಲೆಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು, ಅದು ಸಣ್ಣ ಮೊತ್ತವಲ್ಲ. ಹಳೆಯದರಲ್ಲಿ ಅದನ್ನು ಮೊದಲಿನವರು ಕಟ್ಟಿ ಆಗಿರುತ್ತದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದು ಹೊಸ ಗಾಡಿಯ ಬೆಲೆ ಕಮ್ಮಿಯಾಗಿದೆ. ಸೆಕೆಂಡ್ ಹ್ಯಾಂಡ್ ಮಾರುವವನು ಹಳೇ ರೇಟನ್ನೇ ಹೇಳುತ್ತಿದ್ದರೆ ಅದೇ ಗಾಡಿ ಹೊಸತಕ್ಕೆ ಇಂದು ಎಷ್ಟು ಎಂದು ವಿಚಾರಿಸಿ ಚೌಕಾಸಿ ಮಾಡಿ.

2022 ಅಥವಾ ಅದರ ನಂತರ ತಯಾರಾದದ್ದನ್ನೇ ಹುಡುಕಿ. 2019ರ ಏಪ್ರಿಲ್‌ನಿಂದ ಕಾರುಗಳಿಗೆ ಎ.ಬಿ.ಎಸ್. ಬ್ರೇಕು, ಆ ಜುಲೈಯಿಂದ ಚಾಲಕನಿಗೆ ಏರ್ ಬ್ಯಾಗ್, 2022ರ ಜನವರಿಯಿಂದ ಪಕ್ಕದ ಸೀಟಿಗೂ ಏರ್ ಬ್ಯಾಗ್ ಕಡ್ಡಾಯವಾಯಿತು. ಆ ಪಕ್ಕದ ಸೀಟಿನಲ್ಲಿ ಹೆಚ್ಚಾಗಿ ಕೂರುವುದು ಯಾರು ಎಂದು ನೆನಪಿಸಿಕೊಳ್ಳಿ. ಓಮ್ನಿಯಲ್ಲಿ ಎರಡೂ ಕಡೆ ಅದು ಇಲ್ಲ.

ಸಾಲದಲ್ಲಿ ಒಂದು ಪದವನ್ನು ಗಮನಿಸಿ: ಫ್ಲಾಟ್ ಬಡ್ಡಿ. "ನಿಮ್ಮ ಸಂಘದ್ದೂ ಹನ್ನೆರಡು, ನಮ್ಮದೂ ಹನ್ನೆರಡು ಪರ್ಸೆಂಟು" ಎಂದು ಫೈನಾನ್ಸಿನವರು ಹೇಳುತ್ತಾರೆ. ಸಂಘದಲ್ಲಿ ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ. ಫ್ಲಾಟ್ ಎಂದರೆ ಅರ್ಧ ಸಾಲ ತೀರಿಸಿದ ಮೇಲೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ. 3 ಲಕ್ಷಕ್ಕೆ ಫ್ಲಾಟ್ 12ರಂತೆ ಐದು ವರ್ಷಕ್ಕೆ 1,80,000 ಬಡ್ಡಿ, ಕಂತು 8,000. ಇಳಿಯುವ ಬಾಕಿಯ ಲೆಕ್ಕದಲ್ಲಿ ಬಡ್ಡಿ ಸುಮಾರು 1 ಲಕ್ಷ, ಕಂತು 6,673. ಅವರ ಹನ್ನೆರಡು ನಮ್ಮ ಲೆಕ್ಕದಲ್ಲಿ ಇಪ್ಪತ್ತರ ಹತ್ತಿರ ಬರುತ್ತದೆ. "ಕಂತು ಎಷ್ಟು, ಎಷ್ಟು ತಿಂಗಳು?" ಎಂದು ಮಾತ್ರ ಕೇಳಿ, ಗುಣಿಸಿ, ಸಾಲದ ಮೊತ್ತವನ್ನು ಕಳೆಯಿರಿ. ಉಳಿದದ್ದು ಬಡ್ಡಿ.

ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ಮೈಕ್ರೋ ಫೈನಾನ್ಸ್ ಸಾಲಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಿತಿ ಹಾಕಿದೆ. ಅರ್ಧ ಎಂಬುದೇ ಜಾಸ್ತಿಯಾಯಿತು. ಮಳೆಗಾಲದಲ್ಲಿ ಕೆಲಸ ಕಮ್ಮಿಯಾಗುವ ನಮ್ಮ ಮನೆಗಳಿಗೆ ಮೂರರಲ್ಲಿ ಒಂದು ಪಾಲು ಸಾಕು. ಒಂದು ಪರೀಕ್ಷೆ ಮಾಡಬಹುದು. ಗಾಡಿ ತರುವ ಮುಂಚೆ ಮೂರು ತಿಂಗಳು ಆ ಕಂತಿನಷ್ಟೇ ಹಣವನ್ನು ತಪ್ಪದೆ ಉಳಿತಾಯ ಖಾತೆಗೆ ಹಾಕಿ ನೋಡಿ. ಕಟ್ಟಲು ಆಯಿತೆಂದರೆ ಮುಂಗಡಕ್ಕೂ ಆಯಿತು. ಆಗಲಿಲ್ಲವೆಂದರೆ ಗಾಡಿ ಬರುವ ಮುಂಚೆಯೇ ತಿಳಿಯಿತಲ್ಲ.

ಸಾಲ ನಿಮ್ಮದಾದರೆ ಆರ್.ಸಿ.ಯೂ ನಿಮ್ಮ ಹೆಸರಿಗೆ ಇರಲಿ. ಗಾಡಿ ಓಡಿಸಲು ಬಾರದಿದ್ದರೂ, ಲೈಸೆನ್ಸ್ ಇಲ್ಲದಿದ್ದರೂ ಹೆಸರಿಗೆ ಮಾಡಿಸಿಕೊಳ್ಳಬಹುದು. ಆದರೆ ಮಾಲೀಕ-ಚಾಲಕರ ಅಪಘಾತ ವಿಮೆ ಸಿಗುವುದು ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಹಾಗಾಗಿ ಓಡಿಸುವ ಮನೆಯವರಿಗೆ ಬೇರೆ ಅಪಘಾತ ವಿಮೆ ಮಾಡಿಸಿ. ಆರ್.ಸಿ. ಅವರ ಹೆಸರಿನಲ್ಲೇ ಇದ್ದರೆ ನಿಮ್ಮನ್ನು ನಾಮಿನಿ ಎಂದು ಬರೆಸಲು 2021ರಿಂದ ಅವಕಾಶ ಉಂಟು. ಕಷ್ಟಕಾಲದಲ್ಲಿ ಕಚೇರಿಗಳಿಗೆ ಅಲೆಯುವುದು ತಪ್ಪುತ್ತದೆ.

ಹಳೆಯದನ್ನು ಕೈಬಿಡುವಾಗ

ಗಾಡಿ ಮಾರಿ, ಹಣ ಎಣಿಸಿ, ಕೀ ಕೊಟ್ಟು ಬಂದರೆ ಮುಗಿಯಿತು ಎಂದು ತಿಳಿಯಬೇಡಿ. ಆರ್.ಸಿ.ಯಲ್ಲಿ ನಿಮ್ಮ ಹೆಸರು ಇರುವ ತನಕ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಗಾಡಿ ನಾಲ್ಕು ಕೈ ದಾಟಿ ಹೋಗಿ ಅಪಘಾತವಾದಾಗಲೂ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇನ್ಶೂರೆನ್ಸ್ ಮುಗಿದಿದ್ದರೆ ಆ ಲಕ್ಷಗಟ್ಟಲೆ ಹಣ ಮನೆ ಜಾಗದ ಮೇಲೆ ಬರುತ್ತದೆ. ಬ್ರೋಕರ್ "ಆಮೇಲೆ ಮಾಡಿಸಿ ಕೊಡ್ತೇನೆ ಅಕ್ಕ" ಎಂದು ಖಾಲಿ ಫಾರಂಗೆ ಸಹಿ ಕೇಳಿದರೆ ಹಾಕಬೇಡಿ. ಕೊಳ್ಳುವವರ ಹೆಸರು, ವಿಳಾಸ ತುಂಬಿಸಿಯೇ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಿ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಹಿಂದೆ ಬ್ಯಾಂಕ್ ಸಾಲ ಇದ್ದ ಗಾಡಿಯಾದರೆ ತೀರುವಳಿ ಪತ್ರ ಮತ್ತು 35ನೇ ನಮೂನೆ ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ತಿಂಗಳು ಬಿಟ್ಟು ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಹೆಸರು ಬದಲಾಗಿದೆಯೇ ನೋಡಿ. ಮನೆಯ ಮಕ್ಕಳು ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಅಡಿ ಪೂರಾ ಹೋದ ಗಾಡಿಯಾದರೆ ಬಡ ಕೊಳ್ಳುವವನ ತಲೆಗೆ ಕಟ್ಟುವುದು ಬೇಡ. ಸರ್ಕಾರದ ನೋಂದಣಿ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟರೆ ಅವರು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕ ಮಾಫಿ, ವಾಹನ ತೆರಿಗೆಯಲ್ಲಿಯೂ ರಿಯಾಯಿತಿ ಸಿಗಬಹುದು, ಶೋರೂಮಿನಲ್ಲಿ ಬಿಲ್ ಆಗುವ ಮುಂಚೆಯೇ ಕೇಳಿ. ಊರಿನ ಗುಜರಿಯವನಿಗೆ ಸುಮ್ಮನೆ ತೂಕಕ್ಕೆ ಕೊಟ್ಟುಬಿಟ್ಟರೆ ಆ ನಂಬರ್ ಪ್ಲೇಟ್ ಬೇರೆ ಯಾವ ಗಾಡಿಯ ಮೇಲೆ ಓಡುತ್ತದೋ ಹೇಳಲಿಕ್ಕೆ ಬರುವುದಿಲ್ಲ.

ಮಾರಾಟದ ಕಾಗದದಲ್ಲಿ ದಿನಾಂಕದ ಜೊತೆ ಗಾಡಿ ಕೈಬದಲಾದ ಗಂಟೆಯನ್ನೂ ಬರೆಯಿರಿ. ಆ ಸಂಜೆಯೇ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ ದಂಡದ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ತೋರಿಸಲು ಅದು ಬೇಕಾಗುತ್ತದೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಇಲ್ಲದಿದ್ದರೆ ಅವರು ದಾಟುವ ಟೋಲಿಗೆ ನಿಮ್ಮ ಖಾತೆಯಿಂದ ಹಣ ಹೋಗುತ್ತಾ ಇರುತ್ತದೆ. ಕಾಗದಗಳ ಜೆರಾಕ್ಸ್ ಒಂದು ಪ್ರತಿಯನ್ನು ಗಾಡಿಯ ನೋಟ್ ಪುಸ್ತಕದೊಳಗೇ ಇಟ್ಟು, ಪುಸ್ತಕವನ್ನು ಸಂಘದ ಪಾಸ್ ಪುಸ್ತಕದ ಜೊತೆ ತೆಗೆದಿಡಿ.